ದಿಲ್ಲಿಯ ನಿಲುವಿಗೆ ಬ್ಯಾಡಗಿಯ ತಕ್ಕಡಿ

ಸಂಸದರೆಂದರೆ ರೈಲು ನಿಲ್ಲಿಸಿಕೊಡುವವರು, ಸಮುದಾಯ ಭವನ ಕಟ್ಟಿಸುವವರು ಎಂಬ ಎಣಿಕೆ ನಮ್ಮಲ್ಲಿ ಬೇರೂರಿದೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಮನೆಗಳ ಗಳಿಕೆ ತೀರ್ಮಾನವಾಗುವುದು ಮಾತ್ರ ಬೆಲೆ, ತೆರಿಗೆ, ಗೊಬ್ಬರ, ಪರಿಹಾರಗಳ ಕುರಿತ ರಾಷ್ಟ್ರೀಯ ನೀತಿಗಳಲ್ಲಿ. ಈ ಕ್ಷೇತ್ರದ ಸಂಸದ ಬಸವರಾಜ ಬೊಮ್ಮಾಯಿ ಅವರ ನಿಲುವುಗಳನ್ನು ಈ ಊರುಗಳಲ್ಲಿ ನಿಂತು ನೋಡುವ ಯತ್ನವಿದು.

2024ರ ಮಾರ್ಚ್ 11, ಸೋಮವಾರ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಟೆಂಡರಿನ ದಿನ. ಬಳ್ಳಾರಿ, ರಾಯಚೂರು ಕಡೆಯಿಂದಲೂ ಗಡಿಯಾಚೆಯ ಆಂಧ್ರದಿಂದಲೂ ರೈತರು ತಂದ ಮಾಲು ಮಾರುಕಟ್ಟೆಯ ಅಂಗಳವನ್ನೆಲ್ಲ ತುಂಬಿತ್ತು. ಆ ದಿನದ ದರ ಹೊರಬಿದ್ದಾಗ ಅದು ಹಿಂದಿನ ವಾರಗಳಿಗಿಂತ ತೀರಾ ಕೆಳಗಿತ್ತು. ಸಿಟ್ಟಿಗೆದ್ದ ಗುಂಪು ಎಪಿಎಂಸಿ ಕಚೇರಿಗೆ ನುಗ್ಗಿತು. ಕಚೇರಿಗೆ ಬೆಂಕಿ ಬಿತ್ತು, ವಾಹನಗಳು ಸುಟ್ಟವು, ಬೆಂಕಿ ಆರಿಸಲು ಬಂದ ಅಗ್ನಿಶಾಮಕ ವಾಹನವೂ ಉಳಿಯಲಿಲ್ಲ.

ಆ ಹಿಂಸೆಯನ್ನು ಸಮರ್ಥಿಸಲಾಗದು. ಸರ್ಕಾರಿ ದಾಖಲೆ ಸುಟ್ಟರೆ ನಷ್ಟವಾಗುವುದು ರೈತನಿಗೇ. ಆದರೆ ಬೆಂಕಿ ಆರಿದ ಮೇಲೆ ಎದುರಾಗಬೇಕಿದ್ದ ಪ್ರಶ್ನೆಯನ್ನು ನಾವು ಎತ್ತಿಕೊಳ್ಳಲೇ ಇಲ್ಲ. ಎರಡು ತಿಂಗಳು ಕಳೆಯುವುದರೊಳಗೆ, ಮೇ 7ರಂದು, ಇದೇ ಜಿಲ್ಲೆ ಲೋಕಸಭೆಗೆ ಮತ ಹಾಕಿತು. ದೇಶದ ಅತಿ ದೊಡ್ಡ ಮೆಣಸಿನಕಾಯಿ ಮಾರುಕಟ್ಟೆಗಳಲ್ಲಿ ಒಂದು ಹೊತ್ತಿ ಉರಿದಿತ್ತು. ಆ ಬೆಳೆಗೆ ಕೇಂದ್ರದಲ್ಲಿ ಯಾವ ಬೆಲೆ ನೀತಿ ಇರಬೇಕು ಎಂಬುದು ಅಭ್ಯರ್ಥಿಗಳನ್ನು ಊರೂರಿನಲ್ಲಿ ನಿಲ್ಲಿಸಿ ಕೇಳುವ ಮಾತಾಗಬೇಕಿತ್ತು. ಅಷ್ಟರಲ್ಲಿ ಜಾತಿಯ ಲೆಕ್ಕ, ಪಕ್ಷದ ಲೆಕ್ಕ ಮುಂದೆ ಬಂದವು.

ಬೆಂಬಲ ಬೆಲೆಯಿಲ್ಲದ ಬೆಳೆ

ಕೇಂದ್ರ ಸರ್ಕಾರ ಕನಿಷ್ಠ ಬೆಂಬಲ ಬೆಲೆ ಘೋಷಿಸುವುದು 22 ಬೆಳೆಗಳಿಗೆ. ಮೆಣಸಿನಕಾಯಿ ಆ ಪಟ್ಟಿಯಲ್ಲಿಲ್ಲ. ದರ ನೆಲ ಕಚ್ಚಿದರೆ ಉಳಿದಿರುವ ದಾರಿ ಮಾರುಕಟ್ಟೆ ಮಧ್ಯಪ್ರವೇಶ ಯೋಜನೆಯೊಂದೇ. ಅದು ತಾನಾಗಿ ಜಾರಿಯಾಗುವುದಿಲ್ಲ. ದರ ಹಿಂದಿನ ಸಾಮಾನ್ಯ ವರ್ಷಕ್ಕಿಂತ ಕನಿಷ್ಠ ಶೇ 10ರಷ್ಟು ಕುಸಿದಿರಬೇಕು, ರಾಜ್ಯ ಸರ್ಕಾರ ಕೋರಿಕೆ ಸಲ್ಲಿಸಬೇಕು, ಕೇಂದ್ರ ಒಪ್ಪಬೇಕು, ನಷ್ಟವನ್ನು ಇಬ್ಬರೂ ಅರ್ಧರ್ಧ ಹೊರಬೇಕು. ಅಂದರೆ ಬೆಂಗಳೂರಿನಲ್ಲಿ ಒಬ್ಬರು ಕಾಗದ ಬರೆಯಬೇಕು, ದಿಲ್ಲಿಯಲ್ಲಿ ಇನ್ನೊಬ್ಬರು ಅದರ ಬೆನ್ನು ಹತ್ತಬೇಕು. ಎರಡೂ ಕಡೆ ಬೇರೆ ಬೇರೆ ಪಕ್ಷಗಳಿದ್ದಾಗ ಈ ಬೆನ್ನು ಹತ್ತುವ ಕೆಲಸ ಸಂಸದನ ಪಾಲಿಗೆ ಬರುತ್ತದೆ.

ಈ ದಾರಿ ಬರೀ ಕಾಗದದ ಮೇಲಿನದಲ್ಲ ಎಂಬುದನ್ನು 2025ರ ಫೆಬ್ರುವರಿ ತೋರಿಸಿತು. ಆಂಧ್ರಪ್ರದೇಶದ ಮೆಣಸಿನಕಾಯಿ ಬೆಳೆಗಾರರಿಗಾಗಿ ಕೇಂದ್ರವು ಕ್ವಿಂಟಲ್‌ಗೆ 11,781 ರೂಪಾಯಿ ಗೊತ್ತುಪಡಿಸಿ, 2.91 ಲಕ್ಷ ಟನ್‌ವರೆಗೆ ಬೆಲೆ ವ್ಯತ್ಯಾಸದ ಹಣ ಕೊಡಲು ಒಪ್ಪಿತು. ಗುಂಟೂರಿನ ಬೆಳೆಗಾರರ ದನಿ ದಿಲ್ಲಿಯವರೆಗೆ ಮುಟ್ಟಿತ್ತು. ಬ್ಯಾಡಗಿಯ ಮಾತು ಅದಕ್ಕಿಂತ ತುಸು ಬೇರೆ. ಗುಂಟೂರಿನದು ಖಾರದ ಕಾಯಿ, ನಮ್ಮದು ಬಣ್ಣದ ಕಾಯಿ. ಡಬ್ಬಿ, ಕಡ್ಡಿ ತಳಿಗಳ ಬೆಲೆ ನಿಂತಿರುವುದು ಅವುಗಳ ಕೆಂಪಿನ ಮೇಲೆ. ಆ ಕೆಂಪನ್ನು ಹಿಂಡಿ ತೆಗೆದ ಓಲಿಯೊರೆಸಿನ್ ಆಹಾರದ ಬಣ್ಣಕ್ಕೂ ತುಟಿಬಣ್ಣಕ್ಕೂ ಹೋಗುತ್ತದೆ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಗುರುತಿಗೆ ಮುದ್ರೆ ಬಿದ್ದರೂ ಬೆಲೆಗೆ ಆಸರೆ ಬರಲಿಲ್ಲ. ಹೈಬ್ರಿಡ್ ತಳಿಗಳ ಭರಾಟೆಯಲ್ಲಿ ಮೂಲ ತಳಿಯ ಬಿತ್ತನೆ ಕುಗ್ಗಿದೆ.

ಇನ್ನೂ ಒಂದು ಸಂಗತಿಯಿದೆ. ಬ್ಯಾಡಗಿಯ ಅಂಗಳಕ್ಕೆ ಬರುವ ಮಾಲಿನ ಬಹುಪಾಲು ಬ್ಯಾಡಗಿ ತಾಲ್ಲೂಕಿನದಲ್ಲ. ದೂರದ ಜಿಲ್ಲೆಗಳ ರೈತರು ಇಲ್ಲಿನ ದಲಾಲಿ ಅಂಗಡಿಗಳನ್ನು ನಂಬಿ ಬರುತ್ತಾರೆ. ಹೀಗಾಗಿ ಈ ಕ್ಷೇತ್ರದ ಸಂಸದ ತನಗೆ ಮತ ಹಾಕದ ಸಾವಿರಾರು ಬೆಳೆಗಾರರಿಗೂ ವಕೀಲ. ಮೆಣಸಿನಕಾಯಿ ನೀತಿಯ ಬಗ್ಗೆ ಹಾವೇರಿಯ ಸಂಸದ ಬಾಯಿ ಬಿಟ್ಟರೆ ನಾಲ್ಕಾರು ಲೋಕಸಭಾ ಕ್ಷೇತ್ರಗಳು ಮಾತಾಡಿದಂತೆ. ಸುಮ್ಮನಿದ್ದರೆ ಅಷ್ಟೂ ಕ್ಷೇತ್ರಗಳು ಸುಮ್ಮನಿದ್ದಂತೆ.

ಧಾರವಾಡ ದಕ್ಷಿಣದಿಂದ ಹಾವೇರಿಗೆ

ಹಾವೇರಿ ಲೋಕಸಭಾ ಕ್ಷೇತ್ರ ಈ ಹೆಸರಿನಲ್ಲಿ ಹುಟ್ಟಿದ್ದು 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ. ಅದಕ್ಕೂ ಮೊದಲು ಧಾರವಾಡ ದಕ್ಷಿಣ. ಟಿ.ಆರ್. ನೇಸ್ವಿ, ಎಫ್.ಎಚ್. ಮೊಹಸಿನ್, ಅಜೀಜ್ ಸೇಠ್, ಬಿ.ಎಂ. ಮುಜಾಹಿದ್, ಐ.ಜಿ. ಸನದಿ ಅವರಂಥವರು ಪ್ರತಿನಿಧಿಸಿದ ಹಳೆಯ ಕ್ಷೇತ್ರವದು. ಈಗ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ, ಹಾನಗಲ್ಲ, ಹಿರೇಕೆರೂರ ಒಂದು ಕಡೆ. ಗದಗ, ರೋಣ, ಶಿರಹಟ್ಟಿ ಇನ್ನೊಂದು ಕಡೆ. ಒಟ್ಟು ಎಂಟು ವಿಧಾನಸಭಾ ಕ್ಷೇತ್ರಗಳು. 2009ರಿಂದ ಮೂರು ಬಾರಿ ಶಿವಕುಮಾರ ಉದಾಸಿ ಗೆದ್ದರು. 2024ರಲ್ಲಿ ಬಸವರಾಜ ಬೊಮ್ಮಾಯಿ 43 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಬಂದರು.

ಬೊಮ್ಮಾಯಿ ಅವರ ವಿಷಯದಲ್ಲಿ ಈ ಕ್ಷೇತ್ರಕ್ಕೆ ಒಂದು ಅನುಕೂಲವಿದೆ. ಅವರು ರಾಷ್ಟ್ರೀಯ ನೀತಿಗಳನ್ನು ಎರಡೂ ಮಗ್ಗುಲಿನಿಂದ ಕಂಡವರು. 2021ರ ಜುಲೈನಿಂದ 2023ರ ಮೇವರೆಗೆ ಮುಖ್ಯಮಂತ್ರಿಯಾಗಿ, ಅದಕ್ಕೂ ಮೊದಲು ಜಲಸಂಪನ್ಮೂಲ ಮತ್ತು ಗೃಹ ಸಚಿವರಾಗಿ ರಾಜ್ಯದ ಭಾರ ಹೊತ್ತವರು. ಅವರ ತಂದೆ ಎಸ್.ಆರ್. ಬೊಮ್ಮಾಯಿ ಅವರ ಹೆಸರಂತೂ ದೇಶದ ಸಂವಿಧಾನದ ಚರಿತ್ರೆಯಲ್ಲೇ ಸೇರಿಹೋಗಿದೆ. 1989ರ ಏಪ್ರಿಲ್‌ನಲ್ಲಿ ಸದನದಲ್ಲಿ ಬಹುಮತ ತೋರಿಸಲು ಅವಕಾಶವನ್ನೇ ಕೊಡದೆ ಅವರ ಸರ್ಕಾರವನ್ನು ವಜಾ ಮಾಡಲಾಯಿತು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಸರ್ಕಾರದ ಬಹುಮತ ತೀರ್ಮಾನವಾಗಬೇಕಾದದ್ದು ಸದನದ ನೆಲದ ಮೇಲೆ ಎಂದು ಹೇಳಿತು. ರಾಜ್ಯಗಳು ಕೇಂದ್ರದ ಕೈಗೂಸುಗಳಲ್ಲ ಎಂಬ ಅರಿವು ಈ ದೇಶಕ್ಕೆ ಗಟ್ಟಿಯಾಗಿ ಬಂದದ್ದು ಆ ತೀರ್ಪಿನಿಂದ. ಅಂಥ ಮನೆಯಿಂದ ಬಂದವರನ್ನು ಕೇಂದ್ರ ಮತ್ತು ರಾಜ್ಯಗಳ ಸಂಬಂಧದ ಬಗ್ಗೆ ಪ್ರಶ್ನಿಸುವುದು ಅಗೌರವವಾಗದು. ಅದು ಆ ಪರಂಪರೆಗೆ ಸಲ್ಲಿಸುವ ಗೌರವ.

ತೆರಿಗೆಯ ಮೇಜಿನಲ್ಲಿ

ಬೊಮ್ಮಾಯಿ ಅವರ ಗುರುತು ರಾಷ್ಟ್ರಮಟ್ಟದಲ್ಲಿ ಹೆಚ್ಚು ಸ್ಪಷ್ಟವಾಗಿ ಮೂಡಿರುವುದು ಜಿಎಸ್‌ಟಿಯಲ್ಲಿ. ಗೃಹ ಸಚಿವರಾಗಿದ್ದಾಗಲೇ ಅವರು ಜಿಎಸ್‌ಟಿ ಮಂಡಳಿಯಲ್ಲಿ ಕರ್ನಾಟಕದ ಪ್ರತಿನಿಧಿಯಾಗಿದ್ದರು. ಕೋವಿಡ್ ವರ್ಷದಲ್ಲಿ ರಾಜ್ಯಗಳಿಗೆ ಜಿಎಸ್‌ಟಿ ಪರಿಹಾರದ ಹಣ ಕೊಡಲು ಕೇಂದ್ರದ ಬಳಿ ಸಂಗ್ರಹ ಸಾಲದಾದಾಗ, ಸಾಲ ಎತ್ತುವ ಎರಡು ಆಯ್ಕೆಗಳು ಮುಂದೆ ಬಂದವು. ಕೆಲವು ರಾಜ್ಯಗಳು ಪ್ರತಿಭಟಿಸಿದವು. ಕರ್ನಾಟಕ ಮೊದಲ ಆಯ್ಕೆಯನ್ನು ಒಪ್ಪಿಕೊಂಡಿತು. ಜಗಳಕ್ಕಿಂತ ಒಪ್ಪಂದದಲ್ಲಿ ರಾಜ್ಯಕ್ಕೆ ಹೆಚ್ಚು ದಕ್ಕುತ್ತದೆ ಎಂಬುದು ಆ ನಿರ್ಧಾರದ ಹಿಂದಿದ್ದ ನಂಬಿಕೆ.

ಜಿಎಸ್‌ಟಿ ಮಂಡಳಿಯ ಮತಗಳಲ್ಲಿ ಮೂರನೇ ಒಂದು ಪಾಲಿನ ತೂಕ ಕೇಂದ್ರದ್ದು, ಉಳಿದ ಎರಡು ಪಾಲು ಎಲ್ಲ ರಾಜ್ಯಗಳದ್ದು. ತೀರ್ಮಾನಕ್ಕೆ ನಾಲ್ಕರಲ್ಲಿ ಮೂರು ಪಾಲಿನ ಬೆಂಬಲ ಬೇಕು. ಕೇಂದ್ರ ಬೇಡವೆಂದರೆ ಏನೂ ಸಾಗದು. ಕೇಂದ್ರವೊಂದೇ ಬೇಕೆಂದರೂ ಸಾಗದು. ಇಂಥ ಮಂಡಳಿಯಲ್ಲಿ ರಾಜ್ಯದ ಪ್ರತಿನಿಧಿಯ ನಿಲುವಿಗೆ ನಿಜವಾದ ಬೆಲೆಯಿದೆ. 2021ರ ಸೆಪ್ಟೆಂಬರ್‌ನಲ್ಲಿ ತೆರಿಗೆ ದರಗಳನ್ನು ಸರಳಗೊಳಿಸಲು ರಚಿಸಿದ ಸಚಿವರ ತಂಡಕ್ಕೆ ಬೊಮ್ಮಾಯಿ ಅವರೇ ಸಂಚಾಲಕರಾದರು. ಕೇರಳ, ಪಶ್ಚಿಮ ಬಂಗಾಳದಂಥ ವಿರೋಧ ಪಕ್ಷಗಳ ರಾಜ್ಯಗಳೂ ಆ ತಂಡದಲ್ಲಿದ್ದವು. 2022ರ ಜೂನ್‌ನಲ್ಲಿ ಚಂಡೀಗಡದಲ್ಲಿ ನಡೆದ ಮಂಡಳಿಯ ಸಭೆ ಈ ತಂಡದ ಮಧ್ಯಂತರ ವರದಿಯನ್ನು ಒಪ್ಪಿತು. ಅದರಂತೆ ಜುಲೈ 18ರಿಂದ ಪೊಟ್ಟಣ ಕಟ್ಟಿ ಚೀಟಿ ಅಂಟಿಸಿದ ಅಕ್ಕಿ, ಗೋಧಿ ಹಿಟ್ಟು, ಮೊಸರು, ಮಂಡಕ್ಕಿಗಳ ಮೇಲೆ ಶೇ 5ರ ತೆರಿಗೆ ಬಿತ್ತು.

ಹಾವೇರಿ ಸೀಮೆಯ ಮನೆಗಳಲ್ಲಿ ಮಂಡಕ್ಕಿ, ಅಂದರೆ ಚುರಮರಿ, ದಿನದ ತಿಂಡಿ. ಬಿಡಿಯಾಗಿ ಅಳೆದು ಕೊಡುವ ಸರಕಿಗೆ ತೆರಿಗೆ ಇಲ್ಲ ಎಂಬ ವಿವರಣೆ ಬಂತು. ಹೆಸರಿರುವ ದೊಡ್ಡ ಬ್ರ್ಯಾಂಡುಗಳು ತೆರಿಗೆ ತಪ್ಪಿಸುತ್ತಿದ್ದ ದಾರಿಯನ್ನು ಮುಚ್ಚುವುದು ಉದ್ದೇಶ ಎಂಬ ಸಮರ್ಥನೆಯೂ ಬಂತು. ಆ ಸಮರ್ಥನೆಯಲ್ಲಿ ಹುರುಳಿತ್ತು. ಆದರೆ ಸಣ್ಣ ಊರಿನ ಮಂಡಕ್ಕಿ ಭಟ್ಟಿಯವನು ಪೊಟ್ಟಣಕ್ಕೆ ಚೀಟಿ ಅಂಟಿಸಿ ನಾಲ್ಕು ಕಾಸು ಹೆಚ್ಚು ಗಳಿಸುವ ಆಸೆಗೂ ಅದೇ ನಿಯಮ ಅಡ್ಡ ಬಂತು ಎಂಬುದೂ ಅಷ್ಟೇ ನಿಜ. ಮುಂದೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಮುಖ್ಯವಾಗಿ ಶೇ 5 ಮತ್ತು ಶೇ 18 ಎಂಬ ಎರಡು ಮೆಟ್ಟಿಲಿಗೆ ಇಳಿಯಿತು. ಟ್ರ್ಯಾಕ್ಟರ್ ಮೇಲಿನ ತೆರಿಗೆ ಶೇ 12ರಿಂದ 5ಕ್ಕೆ ಬಂತು. ಹೊಲಕ್ಕೆ ಇದು ನೇರ ಲಾಭ. ದರ ಸರಳವಾಗಬೇಕು ಎಂದು 2021ರಲ್ಲಿ ಹಿಡಿದ ಹಾದಿ ಇಲ್ಲಿಗೆ ತಲುಪಿತು ಎಂಬುದನ್ನು ಒಪ್ಪಬೇಕು.

ಆದರೂ ದರ ಇಳಿದಾಗ ರಾಜ್ಯದ ಬೊಕ್ಕಸದಲ್ಲಿ ಬೀಳುವ ಖೋತಾವನ್ನು ತುಂಬುವವರು ಯಾರು? ಐದು ವರ್ಷಗಳ ಪರಿಹಾರದ ಅವಧಿ 2022ರ ಜೂನ್‌ಗೇ ಮುಗಿದಿದೆ. ಹದಿನಾಲ್ಕನೇ ಹಣಕಾಸು ಆಯೋಗದ ಕಾಲದಲ್ಲಿ ಕೇಂದ್ರ ತೆರಿಗೆಯಲ್ಲಿ ಶೇ 4.71ರಷ್ಟಿದ್ದ ಕರ್ನಾಟಕದ ಪಾಲನ್ನು ಹದಿನೈದನೇ ಆಯೋಗ ಶೇ 3.65ಕ್ಕೆ ಇಳಿಸಿತು. 2024ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ದಿಲ್ಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕುಳಿತಾಗ ಕರ್ನಾಟಕದ ಜನಪ್ರತಿನಿಧಿಗಳು ಪಕ್ಷದ ಗೆರೆಯಂತೆ ಎರಡು ಹೋಳಾದರು. ರಾಜ್ಯದ ಪಾಲಿನ ಪ್ರಶ್ನೆ ಪಕ್ಷದ ಪ್ರಶ್ನೆಯಾದ ಗಳಿಗೆಯಲ್ಲೇ ಅದರ ಬಲ ಕುಂದಿತು. ತೆರಿಗೆಯ ಮೇಜಿನಲ್ಲಿ ಕುಳಿತು ಲೆಕ್ಕ ಮಾಡಿದ ಅನುಭವವಿರುವ ಸಂಸದರಿಂದ ಇಂಥ ಹೊತ್ತಿನಲ್ಲಿ ಕ್ಷೇತ್ರ ನಿರೀಕ್ಷಿಸುವುದು ಪಕ್ಷದ ಹೇಳಿಕೆಗಿಂತ ಹೆಚ್ಚಿನದು.

ಪರಿಹಾರದ ಅಳತೆಗೋಲು

ಜನಪ್ರತಿನಿಧಿಯೊಬ್ಬರ ನಿಲುವನ್ನು ಅಳೆಯಲು ಅವರದೇ ಹಳೆಯ ನಿರ್ಧಾರಕ್ಕಿಂತ ಒಳ್ಳೆಯ ಅಳತೆಗೋಲು ಇಲ್ಲ. 2021ರ ಮಳೆಗೆ ರಾಜ್ಯದ ಬೆಳೆ ಕೊಳೆತಿತ್ತು. ವಿಪತ್ತು ಪರಿಹಾರ ನಿಧಿಯ ಮಾನದಂಡದಂತೆ ಒಣ ಬೇಸಾಯದ ಹೆಕ್ಟೇರಿಗೆ ಸಿಗುತ್ತಿದ್ದದ್ದು 6,800 ರೂಪಾಯಿ, ನೀರಾವರಿಗೆ 13,500, ತೋಟಗಾರಿಕೆ ಬೆಳೆಗೆ 18,000. ಆ ವರ್ಷದ ಡಿಸೆಂಬರ್‌ನಲ್ಲಿ, ಬೆಳಗಾವಿ ಅಧಿವೇಶನದ ಹೊತ್ತಿಗೆ, ಮುಖ್ಯಮಂತ್ರಿ ಬೊಮ್ಮಾಯಿ ಈ ಮೊತ್ತ ಸಾಲದೆಂದು ರಾಜ್ಯದ ಹಣ ಸೇರಿಸಿ ಕ್ರಮವಾಗಿ 13,600, 25,000 ಮತ್ತು 28,000ಕ್ಕೆ ಏರಿಸಿದರು. ನೊಂದ ರೈತನ ಹೊಲದ ಬದುವಿನಲ್ಲಿ ನಿಂತು ತೆಗೆದುಕೊಂಡ ಒಳ್ಳೆಯ ನಿರ್ಧಾರವದು.

2022ರಲ್ಲಿ ಕೇಂದ್ರ ಮಾನದಂಡ ಪರಿಷ್ಕರಿಸಿತು. ಒಣ ಬೇಸಾಯದ ಹೆಕ್ಟೇರಿಗೆ 8,500, ನೀರಾವರಿಗೆ 17,000, ಅದೂ ಎರಡು ಹೆಕ್ಟೇರಿನ ಮಿತಿಯಲ್ಲಿ. ಅಂದರೆ ರಾಜ್ಯ ತಾನೇ ಕೊಟ್ಟದ್ದಕ್ಕಿಂತ ಎಷ್ಟೋ ಕಡಿಮೆ. ಮರುವರ್ಷವೇ ಬರ ಬಂತು. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಯಿತು. ರಾಜ್ಯ 18 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಕೇಳಿತು, ಕಾದು ಕಾದು 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತು. ಏಪ್ರಿಲ್‌ನಲ್ಲಿ ಬಂದದ್ದು ಸುಮಾರು 3,454 ಕೋಟಿ. ಹೆಕ್ಟೇರಿಗೆ 6,800 ರೂಪಾಯಿ ಸಾಲದೆಂದು 2021ರಲ್ಲಿ ರಾಜ್ಯದ ಚುಕ್ಕಾಣಿ ಹಿಡಿದವರೇ ಒಪ್ಪಿದ್ದರಲ್ಲವೇ? ಹಾಗಿದ್ದ ಮೇಲೆ ಕೇಂದ್ರದ ಮಾನದಂಡ ಏರಬೇಕು, ಬರ ಘೋಷಿಸಿದ ಮೇಲೆ ಇಂತಿಷ್ಟು ದಿನದೊಳಗೆ ಹಣ ಬರಬೇಕು ಎಂಬ ನಿಯಮಕ್ಕಾಗಿ ಲೋಕಸಭೆಯಲ್ಲಿ ವಾದಿಸಲು ಬೊಮ್ಮಾಯಿ ಅವರಿಗಿರುವ ನೈತಿಕ ಹಕ್ಕು ಇನ್ನಾರಿಗಿದೆ?

ಮೀಸಲಾತಿಯದೂ ಇಂಥದೇ ಕತೆ. ನ್ಯಾಯಮೂರ್ತಿ ನಾಗಮೋಹನದಾಸ್ ಆಯೋಗದ ಶಿಫಾರಸಿನಂತೆ 2022ರಲ್ಲಿ ಅವರ ಸರ್ಕಾರ ಪರಿಶಿಷ್ಟ ಜಾತಿಯ ಮೀಸಲಾತಿಯನ್ನು ಶೇ 15ರಿಂದ 17ಕ್ಕೆ, ಪರಿಶಿಷ್ಟ ಪಂಗಡದ್ದನ್ನು ಶೇ 3ರಿಂದ 7ಕ್ಕೆ ಏರಿಸಿತು. ಒಟ್ಟು ಮೀಸಲಾತಿ ಶೇ 56 ಮುಟ್ಟಿತು. 1992ರ ಇಂದಿರಾ ಸಾಹ್ನಿ ತೀರ್ಪಿನ ಶೇ 50ರ ಮಿತಿಯನ್ನು ಇದು ದಾಟಿದ್ದರಿಂದ, ಕೋರ್ಟಿನಲ್ಲಿ ಅದು ಉಳಿಯಲೆಂದು ಸಂವಿಧಾನದ ಒಂಬತ್ತನೇ ಅನುಸೂಚಿಗೆ ಸೇರಿಸಬೇಕೆಂಬ ಮಾತು ಆಗಲೇ ಬಂತು. ತಮಿಳುನಾಡಿನ ಶೇ 69ರ ಕಾಯ್ದೆ 1994ರಲ್ಲಿ ಹಾಗೆಯೇ ಸೇರಿತ್ತು. ಸೇರಿಸುವ ಅಧಿಕಾರ ಸಂಸತ್ತಿನದು. ಹಾವೇರಿ ವಿಧಾನಸಭಾ ಕ್ಷೇತ್ರವೇ ಪರಿಶಿಷ್ಟ ಜಾತಿಗೆ ಮೀಸಲು. ಬೆಂಗಳೂರಿನಲ್ಲಿ ಆರಂಭಿಸಿದ ಕೆಲಸವನ್ನು ದಿಲ್ಲಿಯಲ್ಲಿ ದಡ ಮುಟ್ಟಿಸಿ ಎಂದು ಇಲ್ಲಿನ ಮತದಾರ ಕೇಳಿದರೆ ಅದು ನ್ಯಾಯವಾದ ಮಾತು.

ಗೊಬ್ಬರ ಮತ್ತು ಜೂನ್ 10

ರಾಷ್ಟ್ರೀಯ ನೀತಿ ತಪ್ಪಿದರೆ ಜಿಲ್ಲೆಯಲ್ಲಿ ಏನಾಗುತ್ತದೆ ಎಂಬುದನ್ನು ಹಾವೇರಿಗೆ ಯಾರೂ ಹೇಳಿಕೊಡಬೇಕಿಲ್ಲ. 2008ರ ಜೂನ್ 10ರಂದು ಗೊಬ್ಬರಕ್ಕಾಗಿ ಬೀದಿಗಿಳಿದ ರೈತರ ಮೇಲೆ ಹಾವೇರಿಯಲ್ಲಿ ಪೊಲೀಸರು ಗುಂಡು ಹಾರಿಸಿದರು. ಇಬ್ಬರು ರೈತರು ಪ್ರಾಣ ಬಿಟ್ಟರು. ಮುಂಗಾರು ಬಿದ್ದಿತ್ತು, ಬಿತ್ತನೆಯ ಹದ ಕೈತಪ್ಪುತ್ತಿತ್ತು, ಅಂಗಡಿಗಳಲ್ಲಿ ಡಿಎಪಿ ಇರಲಿಲ್ಲ. ಆ ವರ್ಷ ಜಗತ್ತಿನ ಮಾರುಕಟ್ಟೆಯಲ್ಲಿ ಗೊಬ್ಬರದ ಬೆಲೆ ಗಗನಕ್ಕೇರಿತ್ತು, ನಮ್ಮ ಡಿಎಪಿಯ ದೊಡ್ಡ ಪಾಲು ಹೊರದೇಶದ ಹಡಗುಗಳನ್ನೇ ನಂಬಿತ್ತು. ದೂರದೇಶಗಳ ಗಣಿ ಮತ್ತು ಕಾರ್ಖಾನೆಗಳಿಗೂ ಹಾವೇರಿಯ ಹೊಲಕ್ಕೂ ಇರುವ ನಂಟು ಆ ದಿನ ರಕ್ತದಲ್ಲಿ ಕಾಣಿಸಿತು.

ಗೊಬ್ಬರದ ವ್ಯವಸ್ಥೆ ಎರಡು ಕೈಗಳದು. ಯಾವ ರಾಜ್ಯಕ್ಕೆ ಯಾವ ತಿಂಗಳು ಎಷ್ಟು ಎಂದು ಕೇಂದ್ರ ಹಂಚುತ್ತದೆ. ಜಿಲ್ಲೆ, ತಾಲ್ಲೂಕುಗಳಿಗೆ ರಾಜ್ಯ ಮುಟ್ಟಿಸುತ್ತದೆ. ಕೊರತೆ ಬಿದ್ದಾಗ ಒಂದು ಕೈ ಇನ್ನೊಂದನ್ನು ತೋರಿಸುತ್ತದೆ. 2025ರ ಮುಂಗಾರಿನಲ್ಲಿ ಯೂರಿಯಾಕ್ಕಾಗಿ ಸರತಿಯ ಸಾಲುಗಳು ಬೆಳೆದಾಗಲೂ ಇದೇ ಆಯಿತು. ಕೇಂದ್ರ ಕಳಿಸಲಿಲ್ಲ ಎಂದು ರಾಜ್ಯ, ಕಳಿಸಿದ್ದನ್ನು ರಾಜ್ಯ ಸರಿಯಾಗಿ ಹಂಚಲಿಲ್ಲ ಎಂದು ಬಿಜೆಪಿ ನಾಯಕರು. ಗೋವಿನಜೋಳದ ಬಿತ್ತನೆ ಹೆಚ್ಚಿದಷ್ಟೂ ಯೂರಿಯಾದ ಬೇಡಿಕೆ ಏರುತ್ತದೆ ಎಂಬ ಸರಳ ಸತ್ಯ ಬಿತ್ತುವ ಮೊದಲೇ ಕೃಷಿ ಇಲಾಖೆಯ ಅಂದಾಜಿನಲ್ಲಿ ಸೇರಬೇಕು. ಜಿಲ್ಲೆಯ ಬೇಡಿಕೆ ಎಷ್ಟು, ಬಂದದ್ದೆಷ್ಟು ಎಂಬ ಅಂಕಿಯನ್ನು ಲೋಕಸಭೆಯಲ್ಲಿ ಪ್ರಶ್ನೆ ಕೇಳಿ ದಾಖಲೆಗೆ ತರಿಸುವುದು ಆರೋಪಕ್ಕಿಂತ ಸಾವಿರ ಪಾಲು ಉಪಯೋಗದ ಕೆಲಸ.

ಹತ್ತಿಯ ಸುಂಕ, ಗೋವಿನಜೋಳದ ಬೆಲೆ

ರಾಣೆಬೆನ್ನೂರು ಬೀಜದ ಊರು. ಹೈಬ್ರಿಡ್ ಹತ್ತಿ, ತರಕಾರಿ ಬೀಜಗಳ ಉತ್ಪಾದನೆಯಿಂದ ದೇಶದ ರೈತರಿಗೆ ಪರಿಚಯವಾದ ಸೀಮೆಯಿದು. ಈ ಊರಿನ ಮತ್ತು ಸಂಸದರ ಸ್ಥಾನದ ನಡುವೆ ಹೆಚ್ಚು ಜನ ಗಮನಿಸದ ಕೊಂಡಿಯೊಂದಿದೆ. 2024ರ ಸೆಪ್ಟೆಂಬರ್‌ನಲ್ಲಿ ಬೊಮ್ಮಾಯಿ ಅವರು ಕಾರ್ಮಿಕ, ಜವಳಿ ಮತ್ತು ಕೌಶಲಾಭಿವೃದ್ಧಿ ಕುರಿತ ಸಂಸದೀಯ ಸ್ಥಾಯಿ ಸಮಿತಿಯ ಅಧ್ಯಕ್ಷರಾದರು.

2025ರ ಆಗಸ್ಟ್ 19ರಿಂದ ಕೇಂದ್ರ ಸರ್ಕಾರ ಹೊರದೇಶದ ಹತ್ತಿಯ ಮೇಲಿನ ಶೇ 11ರ ಆಮದು ಸುಂಕವನ್ನು ಕೈಬಿಟ್ಟಿತು. ಮೊದಲು ಸೆಪ್ಟೆಂಬರ್ ಕೊನೆಯವರೆಗೆ ಎಂದದ್ದು ಡಿಸೆಂಬರ್ ಕೊನೆಯವರೆಗೆ ಮುಂದುವರಿಯಿತು. ಅಮೆರಿಕದ ಸುಂಕದ ಹೊಡೆತಕ್ಕೆ ಸಿಕ್ಕಿದ ಗಿರಣಿ, ಗಾರ್ಮೆಂಟ್ಸ್ ಉದ್ಯಮಕ್ಕೆ ಅಗ್ಗದ ಹತ್ತಿ ಬೇಕಿತ್ತು. ಅಲ್ಲಿ ದುಡಿಯುವ ಹೆಣ್ಣುಮಕ್ಕಳ ಕೆಲಸ ಉಳಿಯಬೇಕಿತ್ತು. ಆದರೆ ಅದೇ ಅಕ್ಟೋಬರ್–ನವೆಂಬರ್‌ನಲ್ಲಿ ನಮ್ಮ ಹೊಲದ ಹತ್ತಿ ಬಿಡಿಸಿ ಮಾರುಕಟ್ಟೆಗೆ ಬರುತ್ತದೆ. ಉದ್ದ ಎಳೆಯ ಹತ್ತಿಗೆ ಆ ವರ್ಷದ ಬೆಂಬಲ ಬೆಲೆ ಕ್ವಿಂಟಲ್‌ಗೆ 8,110 ರೂಪಾಯಿ. ಸುಂಕವಿಲ್ಲದೆ ಬರುವ ಹತ್ತಿಯ ಎದುರು ವ್ಯಾಪಾರಿ ಆ ದರ ಏಕೆ ಕೊಟ್ಟಾನು? ಗಿರಣಿಯ ಕಾರ್ಮಿಕಳೂ ಹತ್ತಿಯ ರೈತನೂ ಇಬ್ಬರೂ ನಮ್ಮವರೇ. ಸುಂಕ ಕೈಬಿಡುವುದಾದರೆ ಅದು ಸುಗ್ಗಿಯ ತಿಂಗಳಲ್ಲಿ ಆಗಬಾರದು, ಆಗಲೇಬೇಕಾದರೆ ಭಾರತೀಯ ಹತ್ತಿ ನಿಗಮ ರಾಣೆಬೆನ್ನೂರಿನಂಥ ಊರುಗಳಲ್ಲಿ ಮೊದಲೇ ಖರೀದಿಗೆ ಸಜ್ಜಾಗಿರಬೇಕು. ಈ ಮಾತನ್ನು ಜವಳಿ ಸಮಿತಿಯ ವರದಿಯಲ್ಲಿ ಬರೆಸಲು ಹತ್ತಿ ಬೆಳೆಯುವ ಕ್ಷೇತ್ರದ ಸಂಸದನಿಗಿಂತ ಯೋಗ್ಯರು ಬೇರೆ ಬೇಕಿಲ್ಲ.

ಇದೇ ಸಮಿತಿಯ ವ್ಯಾಪ್ತಿಯಲ್ಲಿ ಕಾರ್ಮಿಕರೂ ಇದ್ದಾರೆ. ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದವು. ಬ್ಯಾಡಗಿಯ ಅಂಗಳಗಳಲ್ಲಿ ದಿನವಿಡೀ ಘಾಟಿನ ನಡುವೆ ಕುಳಿತು ಕಾಯಿಯ ತುಂಬು ಬಿಡಿಸುವ ಹೆಂಗಸರಿಗೆ, ಚೀಲ ಹೊರುವ ಹಮಾಲರಿಗೆ ಆ ಸಂಹಿತೆಗಳು ಏನು ಕೊಡುತ್ತವೆ? ಅಸಂಘಟಿತರಿಗೆ ಸಾಮಾಜಿಕ ಭದ್ರತೆ ಎಂಬ ಪದಗಳು ಕಾಯ್ದೆಯಲ್ಲಿವೆ. ಸಂಘಟಿತರ ಪಾಡೂ ಅಷ್ಟಕ್ಕಷ್ಟೇ: ನೌಕರರ ಪಿಂಚಣಿ ಯೋಜನೆಯ ಕನಿಷ್ಠ ಮೊತ್ತ 2014ರಲ್ಲಿ ನಿಗದಿಯಾದ ತಿಂಗಳಿಗೆ 1,000 ರೂಪಾಯಿಯಲ್ಲೇ ವರ್ಷಾನುಗಟ್ಟಲೆ ನಿಂತಿತು. ಜೀವಮಾನವಿಡೀ ದುಡಿದವರಿಗೆ ಅದು ಔಷಧಿಗೂ ಸಾಲದು.

ಗೋವಿನಜೋಳದ್ದು ಮತ್ತೊಂದು ಪಾಠ. ಇದಕ್ಕೆ ಬೆಂಬಲ ಬೆಲೆ ಇದೆ. 2025–26ಕ್ಕೆ ಕ್ವಿಂಟಲ್‌ಗೆ 2,400 ರೂಪಾಯಿ. ಬೆಲೆ ಘೋಷಿಸಿದರೆ ಸಾಲದು, ಕೊಳ್ಳುವವರೂ ಇರಬೇಕು. ಆ ನವೆಂಬರ್‌ನಲ್ಲಿ ದರ ಬೆಂಬಲ ಬೆಲೆಗಿಂತ ಬಹಳ ಕೆಳಗಿಳಿದಾಗ ಹಾವೇರಿ ಜಿಲ್ಲೆಯ ರೈತರು ಬೀದಿಗೆ ಬಂದರು, ಮುಖ್ಯಮಂತ್ರಿ ಪ್ರಧಾನಿಗೆ ಪತ್ರ ಬರೆದರು. ಎಥೆನಾಲ್ ಕಾರ್ಖಾನೆಗಳಿಗೆ ಎಷ್ಟು ಹಂಚಿಕೆ, ಆಮದು ಎಷ್ಟು ಎಂಬುದು ಕೇಂದ್ರದ ಕೈಯಲ್ಲಿದೆ. ಖರೀದಿ ಕೇಂದ್ರ ತೆರೆಯುವುದು ರಾಜ್ಯದ ಕೈಯಲ್ಲಿದೆ. ಕಣದಲ್ಲಿ ರಾಶಿ ಹಾಕಿ ಕುಳಿತ ರೈತನಿಗೆ ಈ ಎರಡು ಕೈಗಳ ವ್ಯತ್ಯಾಸ ಬೇಕಿಲ್ಲ. ಎರಡನ್ನೂ ಕೂಡಿಸುವವರು ಬೇಕು.

ನೀರಿನ ನಿಲುವು

ಬೊಮ್ಮಾಯಿ ಅವರ ನಿಲುವು ಎಳ್ಳಷ್ಟೂ ಅನುಮಾನವಿಲ್ಲದೆ ಸ್ಪಷ್ಟವಿರುವುದು ನೀರಿನ ವಿಷಯದಲ್ಲಿ. ಬೇಡ್ತಿ–ವರದಾ ನದಿ ಜೋಡಣೆ ಆಗಲೇಬೇಕೆಂಬುದು ಅವರ ಬಹುಕಾಲದ ವಾದ. ರಾಷ್ಟ್ರೀಯ ಜಲ ಅಭಿವೃದ್ಧಿ ಸಂಸ್ಥೆಯ ನದಿ ಜೋಡಣೆ ಪಟ್ಟಿಯಲ್ಲಿರುವ ಯೋಜನೆಯಿದು. ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರುವ ವರದಾ ಮಳೆಗಾಲದಲ್ಲಿ ಊರು ಮುಳುಗಿಸಿ ಬೇಸಿಗೆಯಲ್ಲಿ ಬತ್ತುವುದನ್ನು ಕಂಡ ಹಾವೇರಿ, ಗದಗದ ರೈತರಿಗೆ ಈ ನಿಲುವು ಹಿತವಾಗಿದೆ. ಆದರೆ ಘಟ್ಟದ ಅಂಚಿನಲ್ಲಿ, ಶಿರಸಿ, ಯಲ್ಲಾಪುರದ ಜನ ಅಷ್ಟೇ ಗಟ್ಟಿಯಾಗಿ ಬೇಡವೆನ್ನುತ್ತಿದ್ದಾರೆ. ಬೇಡ್ತಿಗೆ ಅಣೆಕಟ್ಟು ಕಟ್ಟುವ ಜಲವಿದ್ಯುತ್ ಯೋಜನೆಯನ್ನು 1980ರ ದಶಕದ ಆರಂಭದಲ್ಲಿ ತಡೆದ ಸೀಮೆಯದು. ಕಾಡು ಮುಳುಗಿದರೆ ಮಳೆಯೇ ಕುಗ್ಗುತ್ತದೆ ಎಂಬ ಅವರ ಆತಂಕವನ್ನು ಬಯಲುಸೀಮೆಯವರು ಅಲ್ಲಗಳೆಯಬಾರದು. ವರದೆಯ ಮೂಲವೂ ಮಲೆನಾಡೇ. ನೀರು ಬೇಕೆನ್ನುವ ನಿಲುವು ಸರಿ. ಎಷ್ಟು ನೀರು, ಎಷ್ಟು ಕಾಡಿಗೆ ಪೆಟ್ಟು, ಯಾವ ಹೊಲಕ್ಕೆ ಎಂಬ ಲೆಕ್ಕವನ್ನು ಎರಡೂ ಕಡೆಯ ಜನರ ಮುಂದೆ ಕನ್ನಡದಲ್ಲಿ ಇಟ್ಟರೆ ಮಾತ್ರ ಆ ನಿಲುವು ಪೂರ್ಣವಾಗುತ್ತದೆ.

ವಿಪ್ ತಲುಪದ ಜಾಗಗಳು

ಸಂಸದ ಪಕ್ಷದ ಮಾತು ಮೀರಲಾದೀತೇ ಎಂದು ಕೇಳುವವರಿದ್ದಾರೆ. 1985ರ ಪಕ್ಷಾಂತರ ನಿಷೇಧ ಕಾಯ್ದೆಯ ನಂತರ ಪಕ್ಷದ ಆದೇಶವಾದ ವಿಪ್ ಮೀರಿ ಮತ ಹಾಕಿದವನು ಸದಸ್ಯತ್ವವನ್ನೇ ಕಳೆದುಕೊಳ್ಳಬಹುದು. ಹಾಗಾಗಿ ವಕ್ಫ್ ತಿದ್ದುಪಡಿ, ಏಕಕಾಲದ ಚುನಾವಣೆಯಂಥ ವಿಷಯಗಳಲ್ಲಿ ಪಕ್ಷದ ನಿಲುವು ತಿಳಿದರೆ ಸಂಸದರ ಮತವೂ ತಿಳಿದಂತೆಯೇ. ಟಿವಿ ಚರ್ಚೆಗಳೆಲ್ಲ ಸುತ್ತುವುದು ಇಂಥವುಗಳ ಸುತ್ತಲೇ. ಅವು ಮುಖ್ಯವಲ್ಲ ಎಂದಲ್ಲ. ಸಂವಿಧಾನ, ನಂಬಿಕೆ, ನೆಲದ ಹಕ್ಕಿನ ಪ್ರಶ್ನೆಗಳವು.

ಆದರೆ ವಿಪ್ ತಲುಪದ ಜಾಗಗಳು ಸಂಸತ್ತಿನಲ್ಲಿ ಬಹಳ ಇವೆ. ಪ್ರಶ್ನೋತ್ತರ ವೇಳೆಗೆ ವಿಪ್ ಇಲ್ಲ. ಶೂನ್ಯ ವೇಳೆಗೆ, ನಿಯಮ 377ರಡಿ ಮಂಡಿಸುವ ವಿಷಯಕ್ಕೆ, ಶುಕ್ರವಾರ ಮಧ್ಯಾಹ್ನದ ಖಾಸಗಿ ಮಸೂದೆಗೆ ವಿಪ್ ಇಲ್ಲ. ಸ್ಥಾಯಿ ಸಮಿತಿಯ ಮುಚ್ಚಿದ ಬಾಗಿಲ ಹಿಂದೆ ಎಲ್ಲ ಪಕ್ಷದವರೂ ಅಧಿಕಾರಿಗಳನ್ನು ಕೂರಿಸಿ ಪ್ರಶ್ನಿಸುತ್ತಾರೆ. ಬೆಂಬಲ ಬೆಲೆ, ಗೊಬ್ಬರ, ಬೆಳೆ ವಿಮೆ, ಪರಿಹಾರದ ಮಾನದಂಡ, ಹತ್ತಿಯ ಸುಂಕ ಇವೆಲ್ಲ ಈ ಜಾಗಗಳಲ್ಲಿ ಪಕ್ಷಕ್ಕೆ ಮುಜುಗರವಾಗದಂತೆಯೇ ಎತ್ತಬಹುದಾದ ವಿಷಯಗಳು. ವರ್ಷಕ್ಕೆ 5 ಕೋಟಿ ರೂಪಾಯಿಯ ಸಂಸದರ ನಿಧಿ ಎಂಟು ವಿಧಾನಸಭಾ ಕ್ಷೇತ್ರಗಳಿಗೆ ಹಂಚಿದರೆ ಎಷ್ಟು ದೀಪ ಉರಿದೀತು? ಮೆಣಸಿನಕಾಯಿಗೆ ಬೆಲೆ ವ್ಯತ್ಯಾಸದ ಒಂದು ಆದೇಶ ತಂದರೆ ಅದಕ್ಕಿಂತ ಎಷ್ಟೋ ಪಟ್ಟು ಹಣ ಮನೆಮನೆಗೆ ಬರುತ್ತದೆ.

ಲೆಕ್ಕ ಕೇಳುವ ನೆಲ

ಹಾವೇರಿ ಸೀಮೆಗೆ ರಾಷ್ಟ್ರೀಯ ನೀತಿಯನ್ನು ತನ್ನ ಹೊಲದ ಮಾತಾಗಿ ತಿಳಿದ ಚರಿತ್ರೆಯಿದೆ. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ ಗಾಂಧೀಜಿಯ ದಂಡಿಯಾತ್ರೆಯಲ್ಲಿ ಉಪ್ಪಿನ ತೆರಿಗೆಯ ವಿರುದ್ಧ ನಡೆದ ತರುಣ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ, ಬ್ರಿಟಿಷ್ ಸರ್ಕಾರ ರೈತರಿಂದ ಎತ್ತಿದ ಕಂದಾಯದ ಹಣವನ್ನು ಕಸಿಯಲು ಹೋಗಿ ಅವರು, ತಿರುಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಮೂವರೂ ಗುಂಡಿಗೆ ಬಲಿಯಾದರು. ತೆರಿಗೆ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಕೇಳುವುದಕ್ಕೆ ಆಗ ಪ್ರಾಣ ಕೊಡಬೇಕಿತ್ತು. ಈಗ ಬಾಯಿ ಬಿಟ್ಟು ಕೇಳಿದರೆ ಸಾಕು.

ಆದ್ದರಿಂದ ಒಂದು ಪದ್ಧತಿ ಹುಟ್ಟಲಿ. ಸಂಸತ್ತಿನ ಪ್ರತಿ ಅಧಿವೇಶನ ಮುಗಿದ ಮೇಲೆ ಸಂಸದರು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಎಪಿಎಂಸಿ ಅಂಗಳಗಳಲ್ಲಿ ಸಭೆ ಕರೆಯಲಿ. ವೇದಿಕೆಯಲ್ಲಿ ಹಾರ, ಶಾಲು ಬೇಡ. ಯಾವ ಪ್ರಶ್ನೆ ಕೇಳಿದೆ, ಮಂತ್ರಿ ಏನು ಉತ್ತರ ಕೊಟ್ಟರು, ಯಾವ ಮಸೂದೆಗೆ ಹೇಗೆ ಮತ ಹಾಕಿದೆ, ಏಕೆ ಹಾಕಿದೆ ಎಂದು ಹೇಳಲಿ. ರೈತ ಸಂಘದವರು, ವರ್ತಕರು, ಹಮಾಲರು, ತುಂಬು ಬಿಡಿಸುವ ಹೆಣ್ಣುಮಕ್ಕಳು, ಕಾಲೇಜು ವಿದ್ಯಾರ್ಥಿಗಳು ಲಿಖಿತವಾಗಿ ಪ್ರಶ್ನೆ ಕೊಡಲಿ. ಈ ಸಂಸದರಿಗೆ ಮಾತ್ರವಲ್ಲ, ನಾಳೆ ಯಾವ ಪಕ್ಷದಿಂದ ಯಾರೇ ಬಂದರೂ ಅವರಿಗೂ ಇದೇ ನಿಯಮ ಇರಲಿ. ಮೊದಲ ಸಭೆಗೆ ನಾಲ್ಕು ಪ್ರಶ್ನೆಗಳು ಸಿದ್ಧವಿವೆ: ಬ್ಯಾಡಗಿ ಮೆಣಸಿನಕಾಯಿಗೆ ಮಧ್ಯಪ್ರವೇಶದ ದರ ಎಷ್ಟಿರಬೇಕು? ಬೆಳೆ ಪರಿಹಾರದ ಮಾನದಂಡ 2021ರಲ್ಲಿ ರಾಜ್ಯ ಕೊಟ್ಟ ಮಟ್ಟಕ್ಕೆ ಏರಬೇಕೇ ಬೇಡವೇ? ಸುಗ್ಗಿಯ ತಿಂಗಳಲ್ಲಿ ಹತ್ತಿಯ ಆಮದು ಸುಂಕ ತೆಗೆಯಬಹುದೇ? ರಾಜ್ಯದ ತೆರಿಗೆ ಪಾಲಿನ ವಿಷಯದಲ್ಲಿ ಕರ್ನಾಟಕದ ಎಲ್ಲ ಸಂಸದರೂ ಒಂದೇ ಮನವಿಗೆ ಸಹಿ ಹಾಕುವಂತೆ ನೀವು ಮುಂದಾಳತ್ವ ವಹಿಸುವಿರಾ? ನೇರ ಉತ್ತರ ಬರಲಿ, ಕಾರಣವೂ ಬರಲಿ. ಆ ಉತ್ತರಗಳನ್ನು ಬರೆದಿಟ್ಟುಕೊಂಡು ಮುಂದಿನ ಚುನಾವಣೆಗೆ ಮತಗಟ್ಟೆಗೆ ಹೋಗುವ ಕೆಲಸ ನಮ್ಮದು.